ಅಪ್‌ಡೇಟ್: 1:25 ಮಾದರಿಯಲ್ಲಿ ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಗೊತ್ತಾಯಿತು

ಮಂಡ್ಯ ಕಡೆಯ ನಾಲೆಯೊಂದರ ವಿಯರ್‌ಗೆ (ನೀರು ಮೇಲಿಂದ ಹಾದು ಬೀಳುವ ಅಡ್ಡಗಟ್ಟೆ) ಮೈಸೂರಿನ ಲ್ಯಾಬ್‌ನಲ್ಲಿ 1:25 ಮಾದರಿ (ನಿಜವಾದದ್ದಕ್ಕಿಂತ 25 ಪಟ್ಟು ಚಿಕ್ಕದು) ಮಾಡಿದ್ದೆ. ನೀರು ಕಮ್ಮಿ ಬಿಟ್ಟಾಗ ಮಾತ್ರ ಸೂತ್ರ ಹೇಳಿದ್ದಕ್ಕಿಂತ ಜಾಸ್ತಿ ಹರಿಯುತ್ತಿದೆ, ಪಿಎಚ್‌ಡಿ ಕೆಲಸ ನಿಂತಿದೆ ಅಂತ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು.

ತಪ್ಪು ಪಂಪಿನದಲ್ಲ, ಮೀಟರಿನದೂ ಅಲ್ಲ. ನಿಮ್ಮಲ್ಲೊಬ್ಬರು "ನೀರು ವಿಯರ್ ತಟ್ಟೆಗೆ ಅಂಟಿಕೊಂಡಿದೆಯಾ ನೋಡಿ" ಅಂದಿದ್ದರು. ಟಾರ್ಚ್ ಹಿಡಿದು ನೋಡಿದೆ. ಹೌದು! ವಿಯರ್ ಮೇಲೆ ನೀರಿನ ಎತ್ತರ ಬರೀ 1.5 ಸೆಂ.ಮೀ. ಅಷ್ಟು ತೆಳು ನೀರು ಚಿಮ್ಮದೆ ತಟ್ಟೆಯನ್ನೇ ಸವರಿಕೊಂಡು ಇಳಿಯುತ್ತಿತ್ತು. ಲೋಟದಿಂದ ನಿಧಾನವಾಗಿ ಕಾಫಿ ಬಗ್ಗಿಸಿದರೆ ಹೊರಮೈಗೇ ಹರಿಯುತ್ತಲ್ಲ, ಹಾಗೆ. ನೀರಿನ ಹಿಂಬದಿಗೆ ಗಾಳಿ ಹೋಗಲಿ ಅಂತ ಕೊಳವೆ ಇಟ್ಟರೂ ಅಂಟು ಪೂರ್ತಿ ಬಿಡಲಿಲ್ಲ. ಮಾದರಿಯನ್ನು ಚಿಕ್ಕದು ಮಾಡುವ ಫ್ರೌಡ್ ನಿಯಮದಲ್ಲಿ ಗುರುತ್ವದ ಪ್ರಭಾವ ನಿಜವಾದ ನಾಲೆಗೆ ಹೊಂದುತ್ತದೆ, ನೀರನ್ನು ಹೀಗೆ ಅಂಟಿಸುವ ಮೇಲ್ಮೈ ಎಳೆತದ್ದು ಹೊಂದುವುದಿಲ್ಲ. ನಿಜವಾದ ನಾಲೆಯಲ್ಲಿ ಅದೇ ಎತ್ತರ 37.5 ಸೆಂ.ಮೀ., ಅಷ್ಟು ದಪ್ಪ ನೀರು ಹೀಗೆ ಅಂಟುವುದಿಲ್ಲ.

ಈಗ 1:9ಕ್ಕೆ ಬಂದಿದ್ದೇನೆ. ಎತ್ತರ 4 ಸೆಂ.ಮೀ. ದಾಟಿದೆ, ಲೆಕ್ಕ ಕೂಡಿಬಂದಿದೆ. ಪೂರ್ತಿ ಅಗಲಕ್ಕಾದರೆ ಮೊದಲಿನ ಸುಮಾರು 13 ಪಟ್ಟು ನೀರು ಬೇಕು, ನಮ್ಮ ಪಂಪಿಗೆ ಆಗದ ಮಾತು. ಅದಕ್ಕೇ ವಿಯರ್‌ನ ಒಂದು ಸೀಳು ಮಾತ್ರ ಗಾಜಿನ ಫ್ಲೂಮ್‌ನಲ್ಲಿ (ಲ್ಯಾಬಿನ ಉದ್ದನೆಯ ನೀರಿನ ಕಾಲುವೆ) ಕೂರಿಸಿದೆ.

ಗದ್ದೆ ಮಾಡುವ ನಮ್ಮ ಮಾವ ಕೇಳಿ ನಕ್ಕರು: "ಏನ್ಲಾ, ಇದ್ಕೆ ಆರ್ ತಿಂಗ್ಳಾ?" ಆರಲ್ಲ, ಎಂಟು.