ಒಸಿಐ ಇರುವ ಹುಡುಗ ಸೇನೆಗೆ ಆಫೀಸರ್ ಆಗಿ ಸೇರಬಹುದಾ?

ಪ್ರಶ್ನೆ (ಗೋಣಿಕೊಪ್ಪ): ತಮ್ಮನ ಮಗ ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದೆಲ್ಲ ಇಲ್ಲೇ. ಯುಎಸ್ ಪಾಸ್‌ಪೋರ್ಟ್ ಇದೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಚಿಕ್ಕಂದಿನಿಂದಲೂ ಇದೆ. ಈಗ 18. ಎರಡು ಪೌರತ್ವ ಇದೆ ಅಂತ ಸೇನಾ ಅಧಿಕಾರಿಗಳ ಆಯ್ಕೆಗೆ ನಡೆಯುವ ಎನ್‌ಡಿಎ, ಸಿಡಿಎಸ್ ಪರೀಕ್ಷೆಗೆ ಅರ್ಜಿ ಹಾಕಬಹುದಾ? ಅವನ ಅಕ್ಕ ಆಸ್ಟ್ರೇಲಿಯಾ ಪ್ರಜೆ, ಅದು ತೊಡಕಾಗುತ್ತಾ?

ಉತ್ತರ 1 (ಮಡಿಕೇರಿ): ಎರಡು ಪೌರತ್ವ ಎಲ್ಲಿಂದ ಬಂತು? ನಮ್ಮ ಕಾನೂನಿನಲ್ಲಿ ಅದಿಲ್ಲ. ಒಸಿಐ ಅಂದರೆ ವಿದೇಶಿ ಪ್ರಜೆಯೇ. 1955ರ ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರಿಯ ಸಮಾನಾವಕಾಶ ಅವರಿಗಿಲ್ಲ. ಆಧಾರ್ ಇದ್ದರೂ ಅದು ಪೌರತ್ವದ ದಾಖಲೆಯಲ್ಲ.

ಪೌರತ್ವ ಪಡೆಯುವ ದಾರಿ ಇರುವುದು ಅದೇ ಕಾಯ್ದೆಯ 5(1)(ಜಿ)ಯಲ್ಲಿ: ವಯಸ್ಕನಾಗಿರಬೇಕು, ಒಸಿಐ ಆಗಿ 5 ವರ್ಷ ಆಗಿರಬೇಕು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲೇ ವಾಸವಿರಬೇಕು. ಆನ್‌ಲೈನ್ ಅರ್ಜಿ, ಆಮೇಲೆ ಡಿಸಿ ಕಚೇರಿ, ರಾಜ್ಯ ಸರ್ಕಾರ, ಕೊನೆಗೆ ಕೇಂದ್ರ ಗೃಹ ಇಲಾಖೆ. ಇಲ್ಲಿಂದ ಒಪ್ಪಿಗೆ ಪತ್ರ ಬರುವ ಮೊದಲು ಯುಎಸ್ ಪೌರತ್ವ ಬಿಡಬೇಡಿ. ಅವಸರಪಟ್ಟರೆ ಹುಡುಗ ಯಾವ ದೇಶಕ್ಕೂ ಸೇರದವನಾಗುತ್ತಾನೆ. ಒಪ್ಪಿಗೆ ಬಂದ ಮೇಲೆ ಬಿಟ್ಟು, ಅದರ ಪುರಾವೆ ಕೊಟ್ಟರೆ ನೋಂದಣಿ ಪ್ರಮಾಣಪತ್ರ.

ಎನ್‌ಡಿಎ ಆಸೆ ಬಿಡಿ, ಹತ್ತೊಂಬತ್ತೂವರೆಗೆ ಅದರ ಬಾಗಿಲು ಮುಚ್ಚುತ್ತದೆ, ಪೌರತ್ವ ಬರುವಷ್ಟರಲ್ಲಿ ವಯಸ್ಸು ದಾಟಿರಬಹುದು. ಸಿಡಿಎಸ್ ಮೂಲಕ ಐಎಂಎಗೆ (ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ) ಸುಮಾರು 24ರ ತನಕ ಸಮಯವಿದೆ. ಆದ್ದರಿಂದ ಪೌರತ್ವದ ಅರ್ಜಿ ಈ ವರ್ಷವೇ ಹೋಗಲಿ.

ಉತ್ತರ 2 (ವಿರಾಜಪೇಟೆ): ಅಕ್ಕನ ಪೌರತ್ವ ಅಡ್ಡಿಯಲ್ಲ, ಮುಚ್ಚಿಟ್ಟರೆ ಅಡ್ಡಿ. ಸರ್ಕಾರಿ ನೇಮಕಾತಿಯ ಅಟೆಸ್ಟೇಶನ್ ಫಾರ್ಮ್‌ನಲ್ಲಿ (ಹಿನ್ನೆಲೆ ಪರಿಶೀಲನೆಗೆ ತುಂಬುವ ಅರ್ಜಿ) ಅಪ್ಪ, ಅಮ್ಮ, ಒಡಹುಟ್ಟಿದವರ ರಾಷ್ಟ್ರೀಯತೆ, ಹುಟ್ಟೂರು, ಕೆಲಸ, ವಿಳಾಸ ಎಲ್ಲ ಕೇಳುತ್ತಾರೆ. 21 ದಾಟಿದ ಮೇಲೆ ವಿದೇಶದಲ್ಲಿ ಒಂದು ವರ್ಷ ಮೀರಿ ಇದ್ದರೆ ಅದನ್ನೂ ಬರೆಯಬೇಕು. ಸುಳ್ಳು ಬರೆದರೆ ಅಥವಾ ಮರೆಮಾಚಿದರೆ ಅನರ್ಹತೆ ಎಂದು ಫಾರ್ಮ್‌ನ ತಲೆಯಲ್ಲೇ ಎಚ್ಚರಿಕೆ ಇದೆ. ನೌಕರಿ ಸಿಕ್ಕಿದ ಮೇಲೆ ಬಯಲಾದರೂ ಕೆಲಸ ಹೋಗಬಹುದು.

ಉತ್ತರ 3 (ಪೊನ್ನಂಪೇಟೆ): ನಮ್ಮ ಕಡೆ ನಿಜವಾಗಿ ಕೈಕೊಡುವುದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ಅಮೆರಿಕದ ಜನನ ಪತ್ರದಲ್ಲಿ ಕೊನೆಗೆ, ಒಸಿಐಯಲ್ಲಿ ಇನ್ನೊಂದು ಸ್ಪೆಲಿಂಗ್. ಪೌರತ್ವದ ಅರ್ಜಿಗೂ ಮುಂಚೆ ಇವನ್ನು ಒಂದು ಮಾಡಿಸಿ. ಪೊಲೀಸ್ ವೆರಿಫಿಕೇಶನ್‌ಗೆ ಐನ್‌ಮನೆ (ಕುಟುಂಬದ ಮೂಲ ಮನೆ) ವಿಳಾಸ ಕೊಟ್ಟು ತೋಟದ ಮನೆಯಲ್ಲಿ ವಾಸವಿದ್ದರೆ ಬೀಟ್‌ನವರು ಬಂದು ಬೀಗ ನೋಡಿ ಹೋಗುತ್ತಾರೆ. ಮಲಗಿ ಏಳುವ ಮನೆಯ ವಿಳಾಸವನ್ನೇ ಕೊಡಿ.

ಉತ್ತರ 1 (ಮತ್ತೆ): ಇನ್ನೊಂದು ಮಾತು, ಮುಂದಕ್ಕೆ. ಕೇಂದ್ರದ ಸಿವಿಲ್ ನೌಕರರು ವಿದೇಶಿಯರನ್ನು ಮದುವೆಯಾದರೆ 1964ರ ನಡತೆ ನಿಯಮ 21ರಡಿ ತಕ್ಷಣ ಸರ್ಕಾರಕ್ಕೆ ತಿಳಿಸಬೇಕು. ಸೇನೆಯ ನಿಯಮಗಳು ಬೇರೆ, ಸೇರಿದ ಮೇಲೆ ಯೂನಿಟ್‌ನಲ್ಲೇ ಕೇಳಿಕೊಳ್ಳಲಿ.