ಸಹಾಯ ಬೇಕು: ಸ್ಟೀರಿಯೊ ಬದಲಿಸಿದ ಮೇಲೆ ಇಂಜಿನ್ ಜೊತೆ ಏರುವ ಕುಂಯ್ ಸದ್ದು

ಕಾರಿನ ಕಂಪನಿ ಸ್ಟೀರಿಯೊ ತೆಗೆದು ಡಬಲ್ ಡಿನ್ (ಎರಡು ಪಟ್ಟು ಎತ್ತರದ) ಸ್ಟೀರಿಯೊ ಯೂನಿಟ್, 4 ಚಾನೆಲ್ ಆಂಪ್ಲಿಫೈಯರ್ ಅಂದರೆ ಆಂಪ್ (4 ಓಮ್‌ಗೆ ತಲಾ 50 ವ್ಯಾಟ್), ಮುಂದಿನ ಬಾಗಿಲುಗಳಿಗೆ 6.5 ಇಂಚಿನ ಕಾಂಪೊನೆಂಟ್ ಸ್ಪೀಕರ್ ಹಾಕಿದೆ. ಇಂಜಿನ್ ಆಫ್ ಇದ್ದಾಗ ಏನೂ ತೊಂದರೆಯಿಲ್ಲ. ಸ್ಟಾರ್ಟ್ ಆದರೆ ಸಣ್ಣಗೆ ಕುಂಯ್ ಅನ್ನುತ್ತೆ, ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದಿನ ಸ್ಥಾಯಿ ಏರುತ್ತೆ. ವಾಲ್ಯೂಮ್ ಸೊನ್ನೆ ಮಾಡಿದರೂ ಅಷ್ಟೇ ಇರುತ್ತೆ, ಅಂದರೆ ವಾಲ್ಯೂಮ್ ಹಂತ ದಾಟಿದ ಮೇಲೆ ಸೇರಿಕೊಳ್ಳುತ್ತಿದೆ.

ವೈರಿಂಗ್: 8 ಗೇಜ್ ಶುದ್ಧ ತಾಮ್ರ, ಬ್ಯಾಟರಿ ಹತ್ತಿರವೇ 40 ಆಂಪಿಯರ್ ಫ್ಯೂಸ್. ಆಂಪ್ ಅರ್ತ್ 40 ಸೆಂ.ಮೀ., ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿದಿದೆ. ಹಾಡು ಜೋರಾಗಿರುವಾಗ ಅಲ್ಲಿಂದ ಬ್ಯಾಟರಿ ಮೈನಸ್‌ಗೆ ವ್ಯತ್ಯಾಸ 0.08 ವೋಲ್ಟ್ ಮಾತ್ರ. ಯೂನಿಟ್ಟಿನಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಪವರ್ ವೈರಿನ ಎದುರು ಬದಿಯಲ್ಲಿದೆ.

ಆಂಪ್ ಕಡೆ ಆರ್‌ಸಿಎ ಕಿತ್ತರೆ ಮೌನ. ಫೋನನ್ನು ನೇರ ಆಂಪ್‌ಗೆ ಕೊಟ್ಟರೂ ಸದ್ದಿಲ್ಲ. ಆರ್‌ಸಿಎ ಹೊರ ಉಂಗುರದಿಂದ ಯೂನಿಟ್ಟಿನ ಲೋಹದ ಮೈಗೆ ಒಂದು ತುಂಡು ವೈರ್ ಮುಟ್ಟಿಸಿದರೆ ಮುಕ್ಕಾಲು ಪಾಲು ಅಡಗುತ್ತೆ. ಯೂನಿಟ್ಟಿನೊಳಗೆ ಆರ್‌ಸಿಎ ಅರ್ತ್ ದಾರಿಯಲ್ಲಿರುವ ಪುಟ್ಟ ಪಿಕೊ ಫ್ಯೂಸ್ ಸುಟ್ಟಿದೆ ಅನ್ನೋದು ನನ್ನ ಅನುಮಾನ. ಯೂನಿಟ್ ಆನ್ ಇರುವಾಗ ಆರ್‌ಸಿಎ ಸಿಕ್ಕಿಸಿದರೆ ಹಾಗಾಗೋದುಂಟು.

ಪ್ರಶ್ನೆ: ಬೋರ್ಡ್ ಬಿಚ್ಚಿ ಫ್ಯೂಸ್ ಬೆಸುಗೆ ಹಾಕಿಸೋದೇ ಸರಿಯಾ, ಅಥವಾ ಆ ತುಂಡು ವೈರನ್ನೇ ಖಾಯಂ ಮಾಡಿದರೆ ಸಾಕಾ? ಯೂನಿಟ್ಟಿನ ಅರ್ತ್ ಈಗ ಹಾರ್ನೆಸ್‌ನ ತೆಳು ವೈರಲ್ಲೇ ಇದೆ. ಅದನ್ನೂ ಬೇರೆ ಎಳೆದು ಆಂಪ್ ಅರ್ತ್ ಬಿಂದುವಿಗೇ ಸೇರಿಸಿದರೆ ಉಳಿದ ಕಾಲು ಭಾಗ ಹೋಗುತ್ತಾ? ಗ್ರೌಂಡ್ ಲೂಪ್ ಐಸೊಲೇಟರ್ (ಅರ್ತ್‌ನಿಂದ ಬರುವ ಸದ್ದು ತಡೆಯಲು ಆರ್‌ಸಿಎ ಮಧ್ಯೆ ಹಾಕುವ ಡಬ್ಬಿ) ಹಾಕಿ ಅನ್ನಬೇಡಿ ಪ್ಲೀಸ್, ಅಗ್ಗದವು ಬೇಸ್ ತಿಂದುಹಾಕುತ್ತವೆ.