ಹಮಾರ್ಟಿಯಾ: ‘ದೋಷ’ವೋ, ‘ತಪ್ಪೋ’?

ಗೆಳೆಯರೆ,

ದುರಂತ ನಾಟಕದ ನಾಯಕನ ಪತನಕ್ಕೆ ಕಾರಣ ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳುವ ‘ಹಮಾರ್ಟಿಯಾ’ಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ‘ದುರಂತ ದೋಷ’ ಅಂತ ಬರೆಯುವುದುಂಟು. ನನಗೆ ಅದು ಇಂಗ್ಲಿಷಿನ ‘ಟ್ರಾಜಿಕ್ ಫ್ಲಾ’ದ ನೆರಳಿನಂತೆ ಕಾಣುತ್ತದೆ, ಗ್ರೀಕಿನದಲ್ಲ.

ಗ್ರೀಕಿನಲ್ಲಿ ಇದರ ಕ್ರಿಯಾಪದಕ್ಕೆ ಗುರಿ ತಪ್ಪುವುದು ಎಂದೇ ಮೊದಲ ಅರ್ಥ. ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಕಾವ್ಯ ಇಲಿಯಡ್‌ನ 5ನೇ ಭಾಗದಲ್ಲಿ ಟ್ರಾಯ್ ಕಡೆಯ ಪಾಂಡರಸ್ ಎಸೆದ ಈಟಿ ಗ್ರೀಕ್ ವೀರ ಡಯೊಮಿಡೀಸನ ಗುರಾಣಿ ತೂರಿ ಎದೆಗವಚದ ತನಕ ಬರುತ್ತದೆ. ಹೊಟ್ಟೆಗೇ ಬಿತ್ತು, ಇನ್ನು ನೀನು ಉಳಿಯಲ್ಲ ಅಂತ ಪಾಂಡರಸ್ ಕೂಗಾಡುತ್ತಾನೆ. ಡಯೊಮಿಡೀಸ್ ಅಳುಕದೆ ಹೇಳುವುದು ಇಷ್ಟೇ: ತಪ್ಪಿತು, ತಾಗಲಿಲ್ಲ. ಅಲ್ಲಿರುವುದು ಇದೇ ಕ್ರಿಯಾಪದ. ಆಮೇಲೆ ಅವನು ಎಸೆದ ಈಟಿ ತಪ್ಪುವುದಿಲ್ಲ, ಪಾಂಡರಸ್ ಅಲ್ಲೇ ಸಾಯುತ್ತಾನೆ.

ಕಾವ್ಯ, ನಾಟಕಗಳ ಬಗ್ಗೆ ಬರೆದ ‘ಪೊಯೆಟಿಕ್ಸ್’ನ 13ನೇ ಅಧ್ಯಾಯದಲ್ಲಿ ಅರಿಸ್ಟಾಟಲ್ ಹೇಳುವುದೂ ಇದಕ್ಕೆ ಹತ್ತಿರ. ನಾಯಕ ಬೀಳುವುದು ಕೆಟ್ಟತನದಿಂದಲ್ಲ, ಒಂದು ದೊಡ್ಡ ಹಮಾರ್ಟಿಯಾದಿಂದ. ಉದಾಹರಣೆಗೆ ಸಾಫೊಕ್ಲಿಸನ ನಾಟಕದ ರಾಜ ಈಡಿಪಸ್. ಮೂರು ದಾರಿ ಕೂಡುವಲ್ಲಿ ತಾನು ಹೊಡೆದು ಕೊಂದವನು ತಂದೆ ಅಂತ ಅವನಿಗೆ ಗೊತ್ತಿಲ್ಲ. ಮದುವೆಯಾದವಳು ತಾಯಿ ಅಂತಲೂ ಗೊತ್ತಿಲ್ಲ. ‘ದೋಷ’ ಅಂದ ಕೂಡಲೇ ನಾವು ಅವನ ಸ್ವಭಾವ ಕೆದಕಲು ಹೊರಡುತ್ತೇವೆ. ಕೋಪ, ಅಹಂಕಾರ, ಹಟ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ ಬಿಡಿ! ಶೇಕ್ಸ್‌ಪಿಯರನ ನಾಯಕರನ್ನು ಹೀಗೆ ಬಗೆದು ನೋಡುವ ರೂಢಿ ಗ್ರೀಕ್ ನಾಟಕಗಳಿಗೂ ಅಂಟಿಕೊಂಡಿತು ಅನ್ನಿಸುತ್ತದೆ.

ಕನ್ನಡದಲ್ಲಿ ದೋಷ ಒಳಗೇ ಕೂತಿರುವಂಥದ್ದು: ಜಾತಕದೋಷ, ಸರ್ಪದೋಷ. ‘ತಪ್ಪು’ ಹಾಗಲ್ಲ. ಗುರಿ ತಪ್ಪಿತು, ದಾರಿ ತಪ್ಪಿತು, ಬಸ್ಸು ತಪ್ಪಿತು ಅನ್ನುತ್ತೇವೆ. ಕಣ್ತಪ್ಪು, ಬಾಯಿತಪ್ಪಿ ಆಡಿದ ಮಾತು ಇವೆ. ದೇವರಿಗೆ ತಪ್ಪುಕಾಣಿಕೆಯನ್ನೂ ಹಾಕುತ್ತೇವೆ. ಗುರಿ ತಪ್ಪುವುದರಿಂದ ಹಿಡಿದು ದೇವರ ಮುಂದಿನ ಅಪರಾಧದ ತನಕ ಒಂದೇ ಪದ. ಗ್ರೀಕಿನಲ್ಲೂ ಹೀಗೇ ಆಗಿದೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಬಳಸಿದ ಪದವೂ ಹಮಾರ್ಟಿಯಾನೇ.

ಅರಿಸ್ಟಾಟಲನೇ ನೀತಿಶಾಸ್ತ್ರದಲ್ಲಿ ಮೂರು ಬಗೆ ಮಾಡುತ್ತಾನೆ. ಯಾರೂ ನಿರೀಕ್ಷಿಸದ ಅವಘಡ ಒಂದು. ನಿರೀಕ್ಷಿಸಬಹುದಾಗಿದ್ದರೂ ಕೆಟ್ಟ ಉದ್ದೇಶವಿಲ್ಲದೆ ಆದದ್ದು ಇನ್ನೊಂದು. ತಿಳಿದೂ ತಿಳಿದೂ ಮಾಡಿದ ಅನ್ಯಾಯ ಮೂರನೆಯದು. ನಡುವಿನದಕ್ಕೆ ಅವನು ಕೊಡುವ ಹೆಸರು ಹಮಾರ್ಟೆಮಾ, ಇದೇ ಕುಟುಂಬದ ಪದ. ಅದಕ್ಕೆ ‘ತಪ್ಪು’ ಎಷ್ಟು ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಒಂದು ತೊಡಕು ಮಾತ್ರ ಇದೆ. ಕಾಗುಣಿತದ ತಪ್ಪಿಗೂ ತಪ್ಪು ಅಂತಲೇ ಅನ್ನುತ್ತೇವಲ್ಲ. ಈಡಿಪಸ್ ‘ತಪ್ಪು ಮಾಡಿದ’ ಅಂದರೆ ತೂಕ ಸಾಲದೇನೋ. ‘ಎಡವಟ್ಟು’ ಅಂದರೆ ನಗು ಬರುತ್ತದೆ. ‘ಪ್ರಮಾದ’ಕ್ಕೆ ತೂಕ ಇದೆ, ಆದರೆ ಅದರ ಸಂಸ್ಕೃತ ಅರ್ಥದಲ್ಲಿ ಅಜಾಗರೂಕತೆಯ ವಾಸನೆ ಜಾಸ್ತಿ. ಈಡಿಪಸ್ ಅಜಾಗರೂಕನೇ? ಅಲ್ಲ ಅಂತ ನನ್ನ ಅನಿಸಿಕೆ.

ನೀವು ಪಾಠ ಹೇಳುವಾಗ, ಅನುವಾದ ಮಾಡುವಾಗ ಯಾವ ಪದ ಬಳಸಿದ್ದೀರಿ? ಗುರಿ ತಪ್ಪುವುದಕ್ಕೂ ಅಪರಾಧಕ್ಕೂ ಒಟ್ಟಿಗೆ ಸಲ್ಲುವ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಬೇರೆ ಇದ್ದರೆ ಅದನ್ನೂ ತಿಳಿಸಿ.